ಚಾಂದಮಾರಿ ಮಗ್ಗುಲಿನ ಹೊಲ

ಕವಡಿನಾಳದಲ್ಲಿ ಏಳನೆಯ ತರಗತಿಯವರೆಗೆ ಮಾತ್ರ ಶಾಲೆಯಿತ್ತು. ಮುಂದೆ ಓದುವ ಹುಡುಗಿಯರು ಬಸ್ಸು ಹಿಡಿದು ದೇವರ ಹಿಪ್ಪರಗಿಗೆ ಹೋಗಬೇಕಿತ್ತು. ಬಸ್ಸು ತಪ್ಪಿದ ದಿನ ಗುರಪ್ಪನ ಹೆಂಡತಿ ಲಕ್ಕವ್ವ ರಸ್ತೆಯ ನಡುವೆ ನಿಲ್ಲುತ್ತಿದ್ದಳು. ತೊಗರಿ ಚೀಲ ಹೇರಿಕೊಂಡ ಟಂಟಂ ಆಟೋ ಬರಲಿ, ಸಾಹೇಬರ ಜೀಪು ಬರಲಿ, ಕೈ ಅಡ್ಡ ಹಿಡಿದು ನಿಲ್ಲಿಸಿ ಹುಡುಗಿಯರನ್ನು ಹತ್ತಿಸುತ್ತಿದ್ದಳು. "ನನ್ನ ಮೊಮ್ಮಕ್ಕಳು ಅದಾವ, ಸಾವಕಾಶ ಹೊಡಿ" ಎಂದು ಡ್ರೈವರನನ್ನು ಗದರುತ್ತಿದ್ದಳು. ಅವರಲ್ಲಿ ಒಬ್ಬಳೂ ಅವಳ ಮೊಮ್ಮಗಳಲ್ಲ.

ಹಾಗಾಗಿ ಲಕ್ಕವ್ವ ತೀರಿಕೊಂಡ ಮರುವರ್ಷ ಊರಿಗೆ ಹೈಸ್ಕೂಲು ಮಂಜೂರಾದಾಗ, ಅದಕ್ಕೆ ಎರಡು ಎಕರೆ ಹೊಲ ಕೊಡುತ್ತೇನೆಂದು ಗುರಪ್ಪ ಮುಂದೆ ಬಂದದ್ದು ಯಾರಿಗೂ ಅಚ್ಚರಿ ಅನ್ನಿಸಲಿಲ್ಲ. ಶಾಲೆಗೆ ಹೆಂಡತಿಯ ಹೆಸರು ಇಡಬೇಕು ಎಂಬುದೊಂದೇ ಅವನು ಕೇಳಿದ್ದು. ಅವನ ಸೊಸೆ ರಾಜೇಶ್ವರಿಯೇ ಆಗ ಗ್ರಾಮ ಪಂಚಾಯಿತಿಯ ಅಧ್ಯಕ್ಷೆ. ವಿಜಯಪುರದ ಕಚೇರಿಗಳಿಗೆ ಅಲೆದಾಡಿ ಮಂಜೂರಾತಿ ತಂದವಳೂ ಅವಳೇ. ಇನ್ನು ಅಡಿಗಲ್ಲು ಇಡುವುದೊಂದು ಬಾಕಿ ಎಂದು ಊರವರೆಲ್ಲ ಅಂದುಕೊಂಡಿದ್ದರು.

ಗುರಪ್ಪ ಕೊಟ್ಟ ಹೊಲ ಊರಿನ ಬಡಗಣ ದಿಕ್ಕಿಗೆ, ಮಡ್ಡಿಯ ಮಗ್ಗುಲಲ್ಲಿತ್ತು. ಕಲ್ಲು, ಕುರುಚಲು ಬಿಟ್ಟರೆ ಏನೂ ಬೆಳೆಯದ ಆ ದಿಬ್ಬದ ನೆಲದಲ್ಲಿ ಕೆಲವು ವರ್ಷಗಳ ಹಿಂದೆ ಸೈನ್ಯದವರು ಕ್ಯಾಂಪು ಮಾಡಿ, ತಂತಿ ಬೇಲಿ ಹಾಕಿ ಚಾಂದಮಾರಿ ಮಾಡಿದ್ದರು. ಜವಾನರು ಗುರಿಯಿಟ್ಟು ಗುಂಡು ಹಾರಿಸುವುದನ್ನು ಕಲಿಯುವ ಮೈದಾನ ಅದು. ಗುಂಡು ಹಾರಿಸುವ ದಿನ ಬೇಲಿಯ ಮೇಲೆ ಕೆಂಪು ಬಾವುಟ ಏರುತ್ತಿತ್ತು, ಮಡ್ಡಿಯ ಪಕ್ಕದ ಬಂಡಿದಾರಿ ಬಂದ್ ಆಗುತ್ತಿತ್ತು. ಗುರಪ್ಪನ ಹೊಲಕ್ಕೂ ಬೇಲಿಗೂ ನಡುವೆ ಇದ್ದದ್ದು ಆ ಬಂಡಿದಾರಿ ಮಾತ್ರ.

ಒಂದು ದಿನ ಕ್ಯಾಂಪಿನ ಸುಬೇದಾರ ಸಿದ್ದಾರೂಢ ಮೋಟಾರ್ ಸೈಕಲ್ಲಿನ ಮೇಲೆ ಪಂಚಾಯಿತಿ ಕಚೇರಿಗೆ ಬಂದ. ನಲವತ್ತು ದಾಟಿದ, ಮೆಲು ದನಿಯ ಮನುಷ್ಯ. ಕೊಟ್ಟ ಚಹಾ ಕುಡಿದು, ಬಟ್ಟಲು ಕೆಳಗಿಟ್ಟು ನೇರವಾಗಿ ಹೇಳಿದ.

"ಅಕ್ಕಾರ, ಆ ಜಾಗಾದಾಗ ಸಾಲಿ ಕಟ್ಟಬ್ಯಾಡ್ರಿ."

"ಯಾಕ? ಗುಂಡು ಅಲ್ಲೀತನಾ ಬರ್ತಾವೇನು?" ಎಂದಳು ರಾಜೇಶ್ವರಿ.

"ಗುಂಡು ಬರೂದಿಲ್ರಿ. ದಿಬ್ಬ ದಾಟಿ ಒಂದೂ ಬಂದಿಲ್ಲ, ಬರೂದೂ ಇಲ್ಲ. ಆದ್ರ ಸಪ್ಪಳ ಬರ್ತೈತಿ. ಹೊಲಕ್ಕ ಅದರಿಂದ ಏನೂ ಆಗೂದಿಲ್ಲ. ಸಾಲಿಗೆ ಆಗ್ತೈತಿ."

ರಾಜೇಶ್ವರಿಗೆ ರೇಗಿತು. "ನಮ್ಮೂರು ನಿಮ್ಮ ಚಾಂದಮಾರಿಗಿಂತ ಮೊದಲಿಂದು. ಸರಕೊಳ್ಳೂದಿದ್ರ ನೀವ ಸರಕೋರಿ."

ಅವನು ಸಿಟ್ಟಾಗಲಿಲ್ಲ. "ಖರೇನ ಹೇಳಿದ್ರಿ. ನಂದು ಮುದ್ದೇಬಿಹಾಳ ಕಡೀ ಊರು. ನಮ್ಮೂರಿಗೆ ಯಾರರ ಬಂದು ಹಿಂಗ ಅಂದಿದ್ರ ನಾನೂ ಇದ ಮಾತು ಆಡ್ತಿದ್ದೆ. ಬುಧವಾರ ಫೈರಿಂಗ್ ಐತ್ರಿ. ನಿಮ್ಮ ಹೊಲದಾಗ ಬಂದು ಕುಂಡ್ರರಿ, ಮಕ್ಕಳನ್ನೂ ಕರಕೊಂಡು ಬರ್ರಿ. ಕೇಳಿದ ಮ್ಯಾಲ ನೀವು ಏನ್ ಹೇಳ್ತೀರಿ, ಅದನ್ನ ಮೇಜರ್ ಸಾಹೇಬ್ರಿಗೆ ಮುಟ್ಟಸ್ತೇನಿ."

ಮನೆಯಲ್ಲಿ ಈ ಸುದ್ದಿಯನ್ನು ಮಾವನಿಗೆ ತಿಳಿಸಲು ರಾಜೇಶ್ವರಿ ಗಂಟಲು ಹರಿದುಕೊಳ್ಳಬೇಕಾಯಿತು. ಗುರಪ್ಪನಿಗೆ ಕಿವಿ ಮಂದ. ಕೊನೆಗೆ ಅರ್ಥವಾದಾಗ ಅವನು ನಕ್ಕುಬಿಟ್ಟ. "ಗುಂಡಿನ ಸಪ್ಪಳಾ? ದಿನಾ ಹೊಲದಾಗ ಇರ್ತೇನಿ, ನಾ ಒಂದಿನಾನೂ ಕೇಳಿಲ್ಲ!"

"ಅಪ್ಪಾ, ನಿನಗ ಸಿಡ್ಲು ಬಡದ್ರೂ ಕೇಳೂದಿಲ್ಲ" ಎಂದ ಮಗ ಕಲ್ಮೇಶ. ಆ ಮಾತೂ ಗುರಪ್ಪನಿಗೆ ಕೇಳಲಿಲ್ಲ.

ಬುಧವಾರ ಶಾಲೆಯ ಟೀಚರು ನಸ್ರೀನ ಏಳನೆಯ ತರಗತಿಯ ಮಕ್ಕಳನ್ನು ಹೊಲಕ್ಕೆ ಕರೆತಂದಳು. ಗುರಪ್ಪ ಒಗೆದ ಧೋತರ ಉಟ್ಟು, ರುಮಾಲು ಸುತ್ತಿಕೊಂಡು ಮೊದಲೇ ಬಂದಿದ್ದ. ಬೇವಿನ ಮರದ ಕೆಳಗೆ ಮಕ್ಕಳು ಕುಳಿತರು. ಅವರಿಗೆ ಎದುರಾಗಿ ಬದುವಿನ ಮೇಲೆ ಗುರಪ್ಪ ಕುಳಿತ. ಅವನ ಮುಖದಲ್ಲಿ ಮದುವೆಮನೆಯ ಯಜಮಾನನ ಕಳೆಯಿತ್ತು. ನಸ್ರೀನ ಕವಿತೆಯೊಂದನ್ನು ಓದತೊಡಗಿದಳು. ಮಕ್ಕಳು ಅವಳ ಹಿಂದೆ ಹೇಳುತ್ತಿದ್ದರು.

ಮೊದಲ ಸುತ್ತು ಹಾರಿದಾಗ ಮಕ್ಕಳು ಕೂಗಿ ನಕ್ಕರು. ಎರಡನೆಯದಕ್ಕೂ ಕೆಲವರು ನಕ್ಕರು. ಆಮೇಲೆ ನಗು ನಿಂತಿತು. ಗುಂಡುಗಳು ಒಂದೇ ಸಮ ಹಾರುತ್ತಿರಲಿಲ್ಲ. ಇನ್ನು ಮುಗಿಯಿತು ಅನ್ನುವಷ್ಟರಲ್ಲಿ ಮತ್ತೆ ಸಿಡಿಯುತ್ತಿದ್ದವು. ನಸ್ರೀನ ಸಾಲಿನ ನಡುವೆ ನಿಲ್ಲುತ್ತಿದ್ದಳು, ಮತ್ತೆ ಮೊದಲಿನಿಂದ ಹಿಡಿಯುತ್ತಿದ್ದಳು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎರಡೂ ಕಿವಿಗೆ ಬೆರಳಿಟ್ಟುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ನಸ್ರೀನ ಪುಸ್ತಕ ಮುಚ್ಚಿ ರಾಜೇಶ್ವರಿಯ ಕಡೆ ನೋಡಿದಳು. ರಾಜೇಶ್ವರಿಗೆ ಸುಬೇದಾರನ ಮೇಲಿದ್ದ ಸಿಟ್ಟು ಇಳಿದು, ಆ ಜಾಗದಲ್ಲಿ ಬೇರೆಯೇ ಒಂದು ಭಾರ ಬಂದು ಕುಳಿತಿತು. ಇದನ್ನು ಮಾವನಿಗೆ ಹೇಗೆ ಹೇಳುವುದು?

ಗುರಪ್ಪ ಎದ್ದು, ಯಾರಿಗಾಗಿಯೂ ಕಾಯದೆ ಮನೆಯ ದಾರಿ ಹಿಡಿದ. ಅಂದಿನಿಂದ ಅವನು ಮಾತು ಕಡಿಮೆ ಮಾಡಿದ. ಬಡಿಸಿದ್ದರಲ್ಲಿ ಅರ್ಧ ರೊಟ್ಟಿ ತಿಂದು ಏಳುತ್ತಿದ್ದ. ಸೊಸೆ ಸೈನ್ಯದವರ ಮಾತಿಗೆ ಮಣಿಯುತ್ತಿದ್ದಾಳೆಂದು ಮಾವನಿಗೆ ಕೋಪ ಬಂದಿರಬೇಕು ಎಂದು ರಾಜೇಶ್ವರಿ ತಿಳಿದಳು. ಕೊನೆಗೆ ಒಂದು ಸಂಜೆ ಕಟ್ಟೆಯ ಮೇಲೆ ಅವನ ಪಕ್ಕದಲ್ಲಿ ಕುಳಿತು, ಕಿವಿಯ ಹತ್ತಿರ ಬಾಗಿ ಕೇಳಿದಳು.

"ಮಾವಾರ, ನನ್ನ ಮ್ಯಾಲ ಸಿಟ್ಟಾಗೀರೇನು?"

"ನಿನ್ನ ಮ್ಯಾಲ ಯಾಕ ಸಿಟ್ಟವ್ವಾ?" ಗುರಪ್ಪ ಬೀದಿಯ ಕಡೆ ನೋಡುತ್ತ ಹೇಳಿದ. "ನನಗ ಸಪ್ಪಳ ಕೇಳಲಿಲ್ಲ. ಆದ್ರ ಆ ಕೂಸುಗಳ ಮಾರಿ ಕಾಣತಿತ್ತು. ನಕ್ಕೋತ ಕುಂತವು ಎಲ್ಲಾವೂ ಒಮ್ಮಿಗೇ ಕಣ್ಣು ಮುಚ್ಚಾವು. ತಗ್ಯಾವು, ಮತ್ತ ಮುಚ್ಚಾವು. ಆಗ ನನಗ ತಿಳೀತು." ಸೊಸೆಯ ಕಡೆ ತಿರುಗಿ ಹೇಳಿದ, "ನಿಮ್ಮತ್ತಿ ಹೆಸರಿನ ಸಾಲ್ಯಾಗ ಮಕ್ಕಳು ಹಂಗ ಬೆಚ್ಚಿ ಬೆಚ್ಚಿ ಕುಂಡ್ರಬಾರದು. ಬ್ಯಾರೆ ಜಾಗಾ ನೋಡು."

ರಾಜೇಶ್ವರಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಬೇರೆ ಜಾಗ ಹುಡುಕುವ ಮೊದಲು ಊರೂ ಕ್ಯಾಂಪೂ ಒಮ್ಮೆ ಎದುರುಬದುರು ಕುಳಿತು ಮಾತಾಡಲಿ ಎಂದು ಅವಳು ಸುಬೇದಾರನಿಗೆ ಹೇಳಿ ಕಳಿಸಿದಳು. ಶಾಲೆಯ ಪಡಸಾಲೆಯಲ್ಲಿ ಸಭೆ ಸೇರಿತು. ಕನ್ನಡ ಬಾರದ ಮೇಜರ್ ಸಾಹೇಬರೂ ಬಂದು ಜಮಖಾನದ ಮೇಲೆ ಕುಳಿತರು. ಸಿದ್ದಾರೂಢ ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ದಾಟಿಸುತ್ತಿದ್ದ. ನಸ್ರೀನ ಸೀಮೆಸುಣ್ಣದಿಂದ ನೆಲದ ಮೇಲೆ ಊರನ್ನು ಬರೆದಳು: ಇಲ್ಲಿ ಮಡ್ಡಿ, ಇಲ್ಲಿ ಹಳ್ಳ, ಇಲ್ಲಿ ಸಿಂದಗಿ ರಸ್ತೆ. ಬೇಲಿಯ ಮಗ್ಗುಲಿಗೆ ಜೋಳ, ತೊಗರಿ, ತೋಟ, ದನ ಮೇಯುವ ಹುಲ್ಲುಗಾವಲು ಏನಿದ್ದರೂ ಅಡ್ಡಿಯಿಲ್ಲ, ಆದರೆ ಮನೆ, ಶಾಲೆ, ದವಾಖಾನೆ ಬೇಡ ಎಂದು ಮೇಜರ್ ಹೇಳಿದರು. ಊರು ಬೆಳೆಯುವುದಾದರೆ ಸಿಂದಗಿ ರಸ್ತೆಯ ಕಡೆ ಬೆಳೆಯಲಿ.

"ಅದು ನಿಮಗ ಬೇಕಾದದ್ದು. ನಮಗ ಬೇಕಾದದ್ದು ಕೇಳ್ರಿ" ಎಂದಳು ರಾಜೇಶ್ವರಿ. "ಸುಗ್ಗ್ಯಾಗ ನೀವು ಬಂಡಿದಾರಿ ಬಂದ್ ಮಾಡ್ತೀರಿ. ಕೊಯ್ದ ಜೋಳ ಹೊಲದಾಗ ಬೀಳ್ತೈತಿ. ಸುಗ್ಗಿ ಮುಗಿಯೂತನಾ ಫೈರಿಂಗ್ ಬ್ಯಾಡ. ಪರೀಕ್ಷಾ ದಿನಾನೂ ಬ್ಯಾಡ. ಉಳಿದ ದಿನ ಮಾಡೂದಿದ್ರ ಮೊದಲ ತಿಳಸ್ರಿ. ಬಾವುಟ ಏರಿದ ಮ್ಯಾಲ ನೋಡಿ ವಾಪಸ್ ಬರೂದು ಆಗೂದಿಲ್ಲ."

ಹಿಂದಿನಿಂದ ಯಾರೋ, ಚಾಂದಮಾರಿಯನ್ನೇ ಬೇರೆ ಕಡೆ ಒಯ್ಯಿರಿ ಎಂದು ಕೂಗಿದರು. ಅದು ತಮ್ಮ ಕೈಯಲ್ಲಿಲ್ಲ ಎಂದರು ಮೇಜರ್. ಉಳಿದದ್ದನ್ನು ಮೇಲಿನವರ ಹತ್ತಿರ ಮಾತಾಡಿ ತಿಳಿಸುವುದಾಗಿ ಒಪ್ಪಿದರು.

ಇನ್ನು ಶಾಲೆಗೆ ಜಾಗ. ಸಿಂದಗಿ ರಸ್ತೆಯ ಬದಿಗೆ, ಊರಿಗೆ ಅಂಟಿಕೊಂಡಂತೆ ಇದ್ದದ್ದು ರೈತ ಅಬ್ದುಲರಜಾಕನ ಎರಡು ಎಕರೆ ಹೊಲ. ಎಲ್ಲರ ಕಣ್ಣೂ ಅವನ ಕಡೆಗೇ ತಿರುಗಿದವು. ಅವನು ಟೋಪಿ ಸರಿಮಾಡಿಕೊಂಡು ಎದ್ದು ಹೊರಗೆ ಹೋದ.

ಮರುದಿನ ರಾಜೇಶ್ವರಿ, ಗುರಪ್ಪನ ಎರಡು ಎಕರೆಗೆ ಬದಲಿಯಾಗಿ ಆ ಹೊಲ ಕೇಳಲು ಅವನ ಮನೆಗೆ ಹೋದಳು. ಅವನ ಹೆಂಡತಿ ಪೀರಬಿ ಚಾಪೆ ಹಾಸಿ, ಚಹಾಕ್ಕೆ ಇಟ್ಟಳು.

"ನೀವು ಕೇಳೂದ್ರಾಗ ತಪ್ಪಿಲ್ರಿ ಅಕ್ಕಾರ" ಎಂದ ಅಬ್ದುಲರಜಾಕ. "ಆದ್ರ ನಂದು ಎರಿ ಹೊಲ. ಅದನ್ನ ಕೊಟ್ಟು ಗುರಪ್ಪ ಕಾಕಾನ ಕೆಂಪು ಮಸಾರಿ ತಗೋ ಅಂತೀರಿ. ಎರಿ ಕರೀ ಮಣ್ಣೆಲ್ಲಿ, ಆ ಕಲ್ಲು ಗರಸು ಎಲ್ಲಿ? ನಮ್ಮಪ್ಪ ಆ ಹೊಲ ತಗೊಳ್ಳಾಕ ಎಷ್ಟು ದುಡದಾನ ನಿಮಗೂ ಗೊತ್ತೈತಿ."

ರಾಜೇಶ್ವರಿ ಉತ್ತರಿಸುವ ಮೊದಲೇ ಒಲೆಯ ಹತ್ತಿರದಿಂದ ಪೀರಬಿ ಬಾಯಿ ಹಾಕಿದಳು. ಅವಳ ತವರು ಇಂಡಿ ಕಡೆ. ತಂದೆಯದು ನಿಂಬೆಯ ತೋಟ. "ಎರಿ ಎರಿ ಅಂತ ಕುಂತೀರಿ. ಆ ಎರಿಯೊಳಗ ಲಿಂಬಿ ಹಚ್ಚಿ ಎರಡ ಸಲ ಕೊಳಸಿದವ್ರು ಯಾರು? ಮಳಿ ಆದ್ರ ಬುಡಕ್ಕ ನೀರು ನಿಂದರ್ತೈತಿ. ನಮ್ಮ ಅಬ್ಬಾ ಬಂದಾಗ ಏನಂದಾರ? ಲಿಂಬಿಗೆ ಗರಸ ಚೊಲೊ ಅಂದಿಲ್ಲ?"

ಅಬ್ದುಲರಜಾಕ ಹೆಂಡತಿಯ ಕಡೆ ದುರುಗುಟ್ಟಿ ನೋಡಿದ, ಆಮೇಲೆ ತಾನೇ ನಕ್ಕ. ಹೆಂಡತಿಯ ತಂದೆಯದಂಥ ನಿಂಬೆಯ ತೋಟ ಮಾಡಬೇಕೆಂಬ ಅವನ ಆಸೆ ಊರಿಗೆಲ್ಲ ಗೊತ್ತಿದ್ದದ್ದೇ. "ಅಂದಾರ. ಆದ್ರ ಗರಸಿಗೆ ನೀರು ಎಲ್ಲಿಂದ ತರ್ಲಿ? ಬಾವಿ ಕಾಕಾನ ಪಾಲಿನ್ಯಾಗ ಉಳೀತೈತಿ."

ಬಾವಿ ಇದ್ದದ್ದು ಆ ಎರಡು ಎಕರೆಯ ಆಚೆ, ಗುರಪ್ಪ ತನಗೆಂದು ಉಳಿಸಿಕೊಂಡ ಹೊಲದಲ್ಲಿ. ಆ ಬಾವಿಯನ್ನು ಮದುವೆಯಾದ ಹೊಸದರಲ್ಲಿ ಗುರಪ್ಪ, ಲಕ್ಕವ್ವ ಇಬ್ಬರೇ ತೋಡಿದ್ದರು. ಅವನು ಅಗೆಯುತ್ತಿದ್ದ, ಅವಳು ಬುಟ್ಟಿಯಲ್ಲಿ ಮಣ್ಣು ಹೊತ್ತು ಮೇಲೆ ಹಾಕುತ್ತಿದ್ದಳು. ಮನೆಯ ಉಳ್ಳಾಗಡ್ಡಿ, ಕಾಯಿಪಲ್ಲೆಗೆಲ್ಲ ಅದೇ ನೀರು. ರಾತ್ರಿ ಊಟದ ಹೊತ್ತಿಗೆ ಅವಳು ನಡೆದದ್ದನ್ನು ಹೇಳಿದಳು. "ಬಾವಿ ಕೊಟ್ರ ನಾವು ಏನ್ ಮಾಡೂದು?" ಎಂದು ಕಲ್ಮೇಶ ತಟ್ಟೆಯ ಮೇಲಿನಿಂದ ತಲೆ ಎತ್ತಿದ. ಗುರಪ್ಪ ಏನೆಂದು ಕೇಳಿದ. ಅವಳು ಮತ್ತೊಮ್ಮೆ ಜೋರಾಗಿ ಹೇಳಿದಳು. ಅವನು ತಲೆಯಾಡಿಸಿ ಕೈ ತೊಳೆದುಕೊಂಡ.

ಬೆಳಿಗ್ಗೆ ಎದ್ದವನೇ ಅವನು ಅಬ್ದುಲರಜಾಕನ ಮನೆಯ ಅಂಗಳದಲ್ಲಿ ಹೋಗಿ ನಿಂತ. ರಾಜೇಶ್ವರಿ ಹಿಂದಿನಿಂದ ಓಡೋಡಿ ಬಂದಳು.

"ಬಾವಿನೂ ಹಿಡಿ" ಎಂದ ಗುರಪ್ಪ.

ಅಬ್ದುಲರಜಾಕ ಗಡಬಡಿಸಿ ಎದ್ದ. ಹೊರಸು ತಂದು ಹಾಕಿ ಕೂರಿಸಿದ.

"ಮೊದಲ ಒಂದು ಹೇಳ್ತೇನಿ" ಎಂದ ಗುರಪ್ಪ, "ಅಲ್ಲಿ ಗುಂಡಿನ ಸಪ್ಪಳ ಭಾಳ ಅಂತ. ಆಮ್ಯಾಲ ಮುದುಕ ಹೇಳಲಿಲ್ಲ ಅನಬ್ಯಾಡ."

"ಲಿಂಬಿ ಗಿಡಕ್ಕ ಕಿವಿ ಎಲ್ಲಿ ಅದಾವ ಕಾಕಾ?" ಎಂದ ಅಬ್ದುಲರಜಾಕ. ಹೊರಸಿನ ಅಂಚಿಗೆ ಕುಳಿತು ಮುಂದುವರಿಸಿದ. "ಬಾವಿ ನನಗ ಬ್ಯಾಡ. ಅದು ಲಕ್ಕವ್ವಾಯಿದು, ನಿಮ್ಮ ಮನ್ಯಾಗ ಇರಲಿ. ನೀರಷ್ಟ ಕೊಡ್ರಿ. ಒಂದಿನ ನೀವು ಹಾಯಿಸ್ರಿ, ಒಂದಿನ ನಾ ಹಾಯಿಸ್ಕೋತೇನಿ."

ಗುರಪ್ಪ ಅವನ ಬಾಯಿಯನ್ನೇ ನೋಡುತ್ತಿದ್ದ. ಒಂದಕ್ಷರವೂ ಕೇಳಿರಲಿಲ್ಲ. ಪೀರಬಿ ಬಂದು ಅವನ ಕಿವಿಯಲ್ಲಿ ಓಣಿಗೆಲ್ಲ ಕೇಳುವಂತೆ ಕೂಗಿ ಹೇಳಿದಳು. ಕೇಳಿ ಮುಗಿದ ಮೇಲೆ ಅವನು ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ಎದ್ದು ಅಬ್ದುಲರಜಾಕನ ಹೆಗಲ ಮೇಲೆ ಕೈಯಿಟ್ಟ.

ಆ ತಿಂಗಳೇ ಸಿಂದಗಿಗೆ ಹೋಗಿ ಹೊಲ ಅದಲು ಬದಲಿನ ನೋಂದಣಿ ಮುಗಿಸಿದರು. ಸುಗ್ಗಿಯಲ್ಲೂ ಪರೀಕ್ಷೆಯ ದಿನಗಳಲ್ಲೂ ಫೈರಿಂಗ್ ನಿಲ್ಲಿಸಲು ಸೈನ್ಯದ ಮೇಲಿನವರು ಒಪ್ಪಿದರು. ಉಳಿದ ಫೈರಿಂಗ್ ದಿನಗಳನ್ನು ಸಿದ್ದಾರೂಢ ಮುಂಚಿತವಾಗಿಯೇ ಪಂಚಾಯಿತಿಯ ಧ್ವನಿವರ್ಧಕದಲ್ಲಿ ಸಾರಿಸುತ್ತಿದ್ದ. ಬೇಲಿಯ ಮಗ್ಗುಲಲ್ಲಿ ಪ್ಲಾಟು ಹಾಕಿ ಮಾರಲು ಹೊರಗಿನ ದಲ್ಲಾಳಿಯೊಬ್ಬ ಬಂದಾಗ ರಾಜೇಶ್ವರಿ ಅವನಿಗೆ ಪರವಾನಗಿ ಕೊಡಲಿಲ್ಲ. ಅವನು ಒಂದಷ್ಟು ದಿನ ಊರಲ್ಲಿ ಅವಳ ಮೇಲೆ ಏನೇನೋ ಹೇಳಿಕೊಂಡು ತಿರುಗಿ, ಕೊನೆಗೆ ಬೇಸತ್ತು ಹೋದ.

ಶಾಲೆ ರಸ್ತೆಯ ಬದಿಗೆ ಎದ್ದಿತು, ಲಕ್ಕವ್ವನ ಹೆಸರಿನಲ್ಲೇ. ಕಟ್ಟಡ ಮುಗಿಯುವುದಕ್ಕೆ ಅಂದುಕೊಂಡದ್ದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಮೊದಲ ವರ್ಷ ಎರಡು ಕೋಣೆಗಳಿಗೆ ಕಿಟಕಿಯೇ ಇರಲಿಲ್ಲ. ಕ್ಯಾಂಪಿನಲ್ಲಿ ಸಂಸಾರ ಇಟ್ಟುಕೊಂಡವರ ಮಕ್ಕಳೂ ಅಲ್ಲಿಗೇ ಬರತೊಡಗಿದರು. ಫೈರಿಂಗ್ ದಿನ ಮಡ್ಡಿಯ ಸಪ್ಪಳ ಅಲ್ಲಿಗೆ, ದೂರದ ಕಣದಲ್ಲಿ ಯಾರೋ ತೆನೆ ಬಡಿದಂತೆ ಕೇಳುತ್ತದೆ.

ಅಬ್ದುಲರಜಾಕನ ನಿಂಬೆಯ ಗಿಡಗಳು ಈಗ ಎದೆಯೆತ್ತರ ಬಂದಿವೆ. ಗುರಪ್ಪನಿಗೆ ಅತ್ತ ಹೋಗುವ ರೂಢಿ ತಪ್ಪಿಲ್ಲ. ಮಧ್ಯಾಹ್ನದ ಮೇಲೆ ಹೋಗಿ ಗಿಡಗಳ ಬುಡದ ಕಸ ಕಿತ್ತು, ಬೇಸರವಾದರೆ ಬೇವಿನ ನೆರಳಲ್ಲಿ ಮಲಗುತ್ತಾನೆ. ಸಂಜೆ ಅಬ್ದುಲರಜಾಕ ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮನೆಗೆ ಬಿಟ್ಟುಹೋಗುತ್ತಾನೆ.