ಗೋಡೆಯ ಮೇಲೆ ಬರೆದ ಕಿಟಕಿ

ಬೆಲ್ ಲೇನಿನ ತುದಿಯ ಮನೆಗೆ ಮೇಲಂತಸ್ತಿನಲ್ಲಿ ಐದು ಕಿಟಕಿ. ನಡುವಿನದು ಕಿಟಕಿಯೇ ಅಲ್ಲ. ಕಿಟಕಿಗೂ ತೆರಿಗೆ ಹಾಕುತ್ತಿದ್ದ ಕಾಲದಲ್ಲಿ ಯಾರೋ ಕಲ್ಲಿಟ್ಟು ಮುಚ್ಚಿಸಿದ ಜಾಗ ಅದು. ಅದರ ಮೇಲಿನ ಕರಿಯ ಗಾಜು, ಬಿಳಿಯ ಚೌಕಟ್ಟು, ಅರ್ಧ ಸರಿಸಿದ ಹಳದಿ ಪರದೆ ಎಲ್ಲವೂ ಬಣ್ಣದಲ್ಲಿ ಬರೆದವು. ಬೀದಿಯಲ್ಲಿ ನಿಂತು ನೋಡಿದರೆ ಎಂಥವರೂ ಮೋಸಹೋಗಬೇಕು.

ಡಂಕನ್ ಮೋಸಹೋಗಿದ್ದ. ಸ್ಟ್ಯಾಮ್‌ಫರ್ಡಿಗೆ ಬಂದ ಹೊಸದರಲ್ಲಿ, ಕಿಟಕಿ ತೊಳೆಯುವ ಕೆಲಸಕ್ಕೆ ಇಳಿದ ಮೊದಲ ವಾರವೇ, ಏಣಿ ಹತ್ತಿ ಎಡದಿಂದ ಎರಡು ಮುಗಿಸಿ ಮೂರನೆಯದಕ್ಕೆ ಸೋಪಿನ ನೊರೆ ಎಳೆದ. ಬಣ್ಣ ಇನ್ನೂ ಹಸಿ. ಅದನ್ನು ಬರೆಯುತ್ತಿದ್ದ ಹುಡುಗಿ ಬ್ರೈಯನಿ, ತಿನ್ನಲು ಪೈ ತರಲು ಹೋಗಿದ್ದವಳು, ಕೆಳಗಿನಿಂದ ಕಿರುಚಿದಳು.

"ಅಯ್ಯೋ ಪುಣ್ಯಾತ್ಮ, ಇಳಿಯೋ ಕೆಳಗೆ! ಏನ್ ಮಾಡ್ತಿದ್ದೀಯ ಅಲ್ಲಿ?"

"ಗಾಜು ಅಂದ್ಕೊಂಡೆ ಕಣ್ರೀ..."

ಅವಳು ನಕ್ಕ ರಭಸಕ್ಕೆ ಪೈ ನೆಲಕ್ಕೆ ಬಿತ್ತು. "ಬಿಡು, ನನ್ನ ಕೆಲಸನ ಇದಕ್ಕಿಂತ ಚೆನ್ನಾಗಿ ಯಾರೂ ಹೊಗಳಲ್ಲ."

ಪರದೆಯ ಮೂಲೆಯಲ್ಲಿ ಅವನ ಸ್ಪಂಜು ಎಳೆದಿದ್ದ ಗೀರನ್ನು ಅವಳು ಅಳಿಸಲಿಲ್ಲ. ಅದಕ್ಕೇ ಒಂದಿಷ್ಟು ನೆರಳು ಕೊಟ್ಟು ನೆರಿಗೆ ಮಾಡಿದಳು. ಮುಂದಿನ ವಸಂತದಲ್ಲಿ ಇಬ್ಬರೂ ಮದುವೆಯಾದರು.

ಈಗ ಬ್ರೈಯನಿ ವಿಟ್ಬಿಯಲ್ಲಿ, ಸಮುದ್ರದ ದಡದಲ್ಲಿ, ದೋಣಿಗಳಿಗೆ ಹೆಸರು ಬರೆದುಕೊಂಡಿದ್ದಾಳೆ. ಹೋಗಿ ಮೂರು ವರ್ಷವಾಯಿತು. ಜಗಳವೇನೂ ಆಗಿರಲಿಲ್ಲ; ಆಗಿದ್ದರೆ ರಾಜಿಯನ್ನಾದರೂ ಮಾಡಿಕೊಳ್ಳಬಹುದಿತ್ತು. ಮಗಳು ಎಲ್ಸಿ ರಜೆಯಲ್ಲಿ ಅಮ್ಮನ ಹತ್ತಿರ ಹೋಗಿಬರುತ್ತಾಳೆ. ಗಂಡ ಹೆಂಡತಿ ಮಾತಾಡುವುದು ಮಗಳ ರೈಲು ಎಷ್ಟು ಹೊತ್ತಿಗೆ, ಶೂ ಚಿಕ್ಕದಾಯಿತೇ, ಇಷ್ಟೇ.

ತಿಂಗಳಿಗೊಮ್ಮೆ ಆ ಮನೆಯ ಸರದಿ ಬಂದಾಗ ಡಂಕನ್ ನಾಲ್ಕು ಗಾಜು ತೊಳೆದು, ಬರೆದ ಕಿಟಕಿಯನ್ನೂ ಒಣಬಟ್ಟೆಯಿಂದ ಮೆಲ್ಲಗೆ ಒರೆಸುತ್ತಾನೆ. ಎದುರಿನ ತರಕಾರಿ ಅಂಗಡಿಯ ಲೆನ್‌ಗೆ ಅದೊಂದು ತಮಾಷೆ.

"ಏನಪ್ಪಾ, ಒಳಗೆ ಯಾರಾದ್ರೂ ಕಾಣಿಸಿದ್ರಾ?"

"ಪರದೆ ಎಳ್ಕೊಂಡಿದಾರೆ ಕಣೋ. ಏಳೋದು ಲೇಟು."

ಈ ಬೇಸಿಗೆಯಲ್ಲಿ ಮನೆ ಕೈಬದಲಾಯಿತು. ಕೊಂಡುಕೊಂಡ ಮಿಸೆಸ್ ಹಾಲಂಬಿಗೆ ಮುಂಗೋಡೆಯ ಮಸಿಯೆಲ್ಲ ಹೋಗಬೇಕಿತ್ತು. ಬಿಸಿ ಹಬೆ ಹಾಯಿಸಿ ತೊಳೆಯುವ ಯಂತ್ರ ಡಂಕನ್ ಹತ್ತಿರವೇ ಇತ್ತು.

"ನಡುವಿನದು ಸಿಪ್ಪೆ ಏಳ್ತಾ ಇದೆ ನೋಡಿ. ಅದನ್ನೂ ಕಲ್ಲಿನವರೆಗೆ ತೆಗೆದುಬಿಡಿ. ಆಮೇಲೆ ಯಾರಾದ್ರೂ ಕಪ್ಪು ಬಣ್ಣ ಹೊಡೀಲಿ."

"ಪರದೆ, ಮೇಡಂ?"

"ಪರದೆ ಯಾಕೆ? ಒಳಗೆ ಯಾರೂ ಇಲ್ಲವಲ್ಲ."

ಡಂಕನ್‌ಗೆ ಕಣ್ಣು ಮೇಲಿನ ಹಳದಿ ಪರದೆಯ ಕಡೆ ಹೋಯಿತು. "ಬರೆದವರು ನನಗೆ ಗೊತ್ತು. ಅವರನ್ನ ಒಂದ್ಮಾತು ಕೇಳ್ಲಾ?"

"ಕೇಳಿ. ಅವರೇ ಬಂದು ಬರೆದ್ರೆ ಪರದೆ ಇದ್ರೂ ಇರ್ಲಿ. ಆದ್ರೆ ಈ ಹಳೇದು ಹೋಗ್ಲೇಬೇಕು."

ಮಧ್ಯಾಹ್ನ ವ್ಯಾನಿನಲ್ಲಿ ಕೂತು, ಎಲ್ಸಿಯ ಬುತ್ತಿಗೆ ಕಟ್ಟಿ ಉಳಿದಿದ್ದ ಚೀಸ್ ಸ್ಯಾಂಡ್‌ವಿಚ್ಚನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಬ್ರೈಯನಿಗೆ ಫೋನ್ ಮಾಡಿದ.

"ಎಲ್ಸಿಗೇನಾಯ್ತು?" ಎಂಬುದೇ ಮೊದಲ ಮಾತು.

"ಚೆನ್ನಾಗಿದಾಳೆ, ಸ್ಕೂಲಲ್ಲಿದಾಳೆ. ಬೆಲ್ ಲೇನ್ ಕಿಟಕಿ ಬಗ್ಗೆ ಮಾಡ್ದೆ."

ಆ ಕಡೆ ಕಡಲಹಕ್ಕಿಗಳ ಕೂಗು. "ಇನ್ನೂ ಇದೆಯಾ ಅದು?"

"ಇದೆ. ಪರದೆ ಮಾಸಿದೆ. ನೆರಿಗೆ ಮಾತ್ರ ಹಾಗೇ ಇದೆ. ತೆಗೆದುಹಾಕು ಅಂತಿದಾರೆ." ಅವನು ಬುತ್ತಿಯನ್ನು ಪಕ್ಕಕ್ಕಿಟ್ಟ. "ಆ ಮೂಲೆ ಒಂದು ಉಳಿಸ್ಲಾ? ಸುತ್ತ ಮಾತ್ರ ತೊಳೆದು..."

ಉಳಿಸು ಅನ್ನಲಿ ಎಂದು ಕಿವಿಯನ್ನು ಫೋನಿಗೆ ಒತ್ತಿಕೊಂಡ.

"ಬೇಡ ಕಣೋ ಡಂಕ್. ಸಿಪ್ಪೆ ಎದ್ದಿದ್ದರ ಮೇಲೆ ಬಣ್ಣ ನಿಲ್ಲಲ್ಲ. ಕಲ್ಲಿನವರೆಗೆ ತೆಗಿ. ಒಂದು ಚೂರೂ ಬಿಡಬೇಡ."

"ತೆಗೆದ್ರೆ, ನೀನು ಬಂದು ಬರೀತೀಯಾ?"

ಆ ಕಡೆ ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿದ ಸದ್ದು.

"ಮೊದ್ಲು ಕಲ್ಲು ಒಣಗ್ಬೇಕು," ಎಂದಳು. "ಒಣಗಿದ್ಮೇಲೆ ಹೇಳು."

ಮಾರನೆಯ ದಿನ ಯಂತ್ರ ಏರಿಸಿದ. ಕರಿಯ ಗಾಜು ಹೋಯಿತು, ಬಿಳಿಯ ಚೌಕಟ್ಟು ಹೋಯಿತು. ನೆರಿಗೆಯನ್ನು ಕೊನೆಗೆ ಇಟ್ಟುಕೊಂಡಿದ್ದ. ಅದನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಹಬೆ ಬಿಟ್ಟ. ಹಳದಿ ನೀರು ಗೋಡೆಯಿಂದ ಇಳಿದು, ಅವನ ತೋಳನ್ನು ನೆನೆಸಿ, ಚರಂಡಿಗೆ ಹೋಯಿತು. ಲೆನ್ ಅಂಗಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಆ ದಿನ ಅವನು ತಮಾಷೆ ಮಾಡಲಿಲ್ಲ. ಸಂಜೆ ಅಂಗಿ ಒಗೆಯುವಾಗ ತೋಳಿನ ಕಲೆ ಹೋಗಲಿಲ್ಲ. ಡಂಕನ್ ಜಾಸ್ತಿ ಉಜ್ಜಲೂ ಇಲ್ಲ.

ಆಮೇಲೆ ದಿನಾ, ಎಲ್ಸಿಯನ್ನು ಶಾಲೆಗೆ ಬಿಟ್ಟು ಬೆಲ್ ಲೇನಿನ ಮೇಲೇ ಬರುತ್ತಿದ್ದ. ಏಣಿ ಒರಗಿಸಿ ಹತ್ತಿ ಕಲ್ಲಿಗೆ ಅಂಗೈ ಇಡುತ್ತಿದ್ದ. ಒದ್ದೆ. ಮರುದಿನವೂ ತಂಪು. ನಡುವೆ ಒಂದು ಮಳೆ ಬಂದು ಎಲ್ಲ ಮೊದಲಿನಿಂದ ಆಯಿತು.

ಬಿಸಿಲಿದ್ದ ಒಂದು ಬೆಳಿಗ್ಗೆ ಕಲ್ಲು ಅಂಗೈಗೆ ಬೆಚ್ಚಗೆ ಹತ್ತಿತು. ಎಲ್ಲ ಮೂಲೆಗಳನ್ನೂ ಮುಟ್ಟಿ ನೋಡಿದ. ಏಣಿಯ ಮೇಲೇ ನಿಂತು, 'ಒಣಗಿದೆ' ಎಂದು ವಿಟ್ಬಿಗೆ ಸಂದೇಶ ಕಳಿಸಿ ಫೋನು ಜೇಬಿಗಿಟ್ಟ. ಇಳಿಯಬೇಕಿತ್ತು, ಇಳಿಯಲಿಲ್ಲ.

"ಏನಪ್ಪಾ," ಲೆನ್ ಕೆಳಗಿನಿಂದ ಮೆಲ್ಲಗೆ ಕೇಳಿದ, "ಯಾರಾದ್ರೂ ಕಾಣಿಸಿದ್ರಾ?"

ಡಂಕನ್ ಬೋಳುಗಲ್ಲಿನಿಂದ ಕಣ್ಣು ತೆಗೆಯಲಿಲ್ಲ.

"ಇನ್ನೂ ಇಲ್ಲ ಕಣೋ," ಎಂದ.