ಬಂದೋರ ಸರ್ವೆ

ನಮ್ಮ ರಾಮಮ್ಮ ದೊಡ್ಡಮ್ಮನಿಗೆ ಯಾವುದನ್ನೂ ಕಣ್ಣಾರೆ ಕಾಣದೆ ನಂಬುವ ಅಭ್ಯಾಸವಿಲ್ಲ. ಸಂತೆಯಲ್ಲಿ ಬೆಂಡೆಕಾಯಿಯ ತುದಿ ಮುರಿದು ಮುರಿದು ನೋಡಿ, ವ್ಯಾಪಾರದವಳ ಹತ್ತಿರ ಬೈಸಿಕೊಂಡು, ಆಮೇಲೆ ಅವಳಲ್ಲೇ ಕೊಂಡು ತರುವ ಹೆಂಗಸು. ಅಂಥವಳ ಎದುರು ಅವಳ ಮಗ ವಸಂತ್ ಒಂದು ದಿನ ಮುದ್ದೆ ಮುರಿಯುತ್ತಾ, ತಾನು ಸರಗೂರಿನ ಹತ್ತಿರ ಇರುವ ಮಲೆಯಾಳದ ಹುಡುಗಿಯೊಬ್ಬಳನ್ನು ಮದುವೆಯಾಗಬೇಕೆಂದಿದ್ದೇನೆ ಎಂದುಬಿಟ್ಟ. ಹುಡುಗಿಯ ಹೆಸರು ಷೀಜಾ. ಇವನು ಟೆಂಪೊದಲ್ಲಿ ಶುಂಠಿ ಮೂಟೆ ಸಾಗಿಸುವವನು, ಅವಳು ಶುಂಠಿ ಬೆಳೆಯುವವನ ಮಗಳು. ಉಳಿದದ್ದನ್ನು ಯಾರೂ ಹೇಳಬೇಕಾಗಿಲ್ಲ.

ದೊಡ್ಡಮ್ಮ ಜಾತಿಯ ಮಾತು ಎತ್ತಲಿಲ್ಲ, ಭಾಷೆಯ ಮಾತೂ ಎತ್ತಲಿಲ್ಲ. ಅವಳಿಗೆ ಕುಟುಕಿದ್ದು ಬೇರೆಯದೇ.

"ಬಂದೋರು ಕಣೋ ಅವ್ರು," ಅಂದಳು. "ಇವತ್ತು ಈ ಒಲದಲ್ಲಿ, ಮುಂದಿನ್ ವರ್ಸ ಇನ್ಯಾರ ಒಲದಲ್ಲೋ. ಒಂದಿನ ಸುಂಟಿ ಕಿತ್ಕೊಂಡ್ ಓದಂಗೆ ನಿನ್ನೂ ಕಿತ್ಕೊಂಡು ಅವ್ರೂರಿಗೆ ಓದ್ರೆ?"

"ಅಂಗೇನಿಲ್ಲ ಕಣವ್ವ," ಅಂದ ವಸಂತ್.

"ನೋಡಾನ."

ದೊಡ್ಡಪ್ಪ ಹುಚ್ಚಯ್ಯ ಸಾರು ಹಾಕಿಸಿಕೊಂಡ. ಆ ಮನೆಯಲ್ಲಿ ಮಾತಿನ ಖಾತೆ ದೊಡ್ಡಮ್ಮನದು, ಅವನದು ಊಟ ಮತ್ತು ಬೀಡಿ.

ನಾನು ಈ ಕತೆಯೊಳಗೆ ಬಂದದ್ದು ಸರ್ವೆಯ ದೆಸೆಯಿಂದ. ಆಗ ತೊಂಬತ್ತೆಂಟನೇ ಇಸವಿ. ಎಂ.ಎ. ಮುಗಿಸಿ ಮೈಸೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಸೇರಿದ್ದೆ. ಹೊರಗಿನಿಂದ ಬಂದು ನಮ್ಮ ಸೀಮೆಯಲ್ಲಿ ನೆಲೆಸಿದ ಎರಡು ಸಮುದಾಯಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಕೆಲಸ. ಒಂದು ಕಡೆ ಬೈಲಕುಪ್ಪೆಯ ಟಿಬೆಟನ್ನರು. ಇನ್ನೊಂದು ಕಡೆ, ವಯನಾಡಿನಿಂದ ಇಳಿದು ಎಚ್.ಡಿ. ಕೋಟೆ ಕಡೆ ಶುಂಠಿ ಹಾಕುತ್ತಿದ್ದ ಮಲೆಯಾಳಿಗಳು. ಯಾರು ಮುಂದೆ ಬಂದರು, ಯಾರ ಮಕ್ಕಳು ಎಲ್ಲಿಯವರೆಗೆ ಓದಿದರು, ಊರಿನವರು ಯಾರನ್ನು ಮದುವೆ ಮುಂಜಿಗೆ ಕರೆಯುತ್ತಾರೆ, ಯಾರನ್ನು ಬಿಡುತ್ತಾರೆ, ಇದೆಲ್ಲ ಕೇಳಿಕೊಂಡು ಬರಬೇಕು. ನನಗಂತೂ ಈ ಕೆಲಸ ಹಬ್ಬವಾಗಿತ್ತು. ಕಂಡವರ ಮನೆಯೊಳಗೆ ನುಗ್ಗಿ, ಅವರ ಸಮಾಚಾರವನ್ನೆಲ್ಲ ಕೆದಕಿ, ಕಾಫಿಯನ್ನೂ ಕುಡಿದು, ಅದಕ್ಕೆ ಸಂಬಳವನ್ನೂ ಪಡೆಯುವ ಭಾಗ್ಯ ಎಷ್ಟು ಜನಕ್ಕುಂಟು?

ಇದು ದೊಡ್ಡಮ್ಮನ ಕಿವಿಗೆ ಬಿತ್ತು. ಕೆ.ಆರ್. ನಗರದ ನಮ್ಮ ಮನೆಗೆ ಬೆಳಗಿನ ಬಸ್ಸಿಗೇ ಬಂದಿಳಿದಳು.

"ರಾಧಾ, ನೀನು ಆ ಸುಂಟಿಯೋರ ಮನೆಗಳಿಗೂ ಓಯ್ತೀಯಂತೆ."

"ಹೂಂ ದೊಡ್ಡಮ್ಮ."

"ನಾನೂ ಬತ್ತೀನಿ. ನಾನ್ಯಾರು ಅಂತ ಯೋಳ್ಬ್ಯಾಡ. ಚೀಲ ಇಡ್ಕಳೋಳು ಅನ್ನು."

ಎಷ್ಟು ಬೇಡವೆಂದರೂ ಕೇಳಲಿಲ್ಲ. ಆದರೆ ಆ ವಾರ ನನ್ನ ಪಾಳಿ ಬೈಲಕುಪ್ಪೆಯದು, ಸರಗೂರು ಆಮೇಲೆ. ಇರಲಿ ಬುಡು, ಅದನ್ನೂ ನೋಡುತ್ತೇನೆ, ಬಂದೋರೆಲ್ಲ ಒಂದೇ ಥರವೋ ಬೇರೆ ಬೇರೆಯೋ ಗೊತ್ತಾಗಲಿ ಎಂದಳು. ನನ್ನ ಸಂಸ್ಥೆ ಇಂಗ್ಲಿಷಿನಲ್ಲಿ ಪುಟಗಟ್ಟಲೆ ಬರೆದಿದ್ದ ಉದ್ದೇಶವನ್ನು ದೊಡ್ಡಮ್ಮ ಎಲೆಅಡಿಕೆ ಜಗಿಯುತ್ತಾ ಇಷ್ಟರಲ್ಲಿ ಮುಗಿಸಿದ್ದಳು. ನನಗೆ ನಗು ಬಂತು.

ಬೈಲಕುಪ್ಪೆಯಲ್ಲಿ ಅವರ ಹೊಸವರ್ಷ ಹತ್ತಿರವಾಗಿತ್ತು. ಚಳಿಗಾಲದಲ್ಲಿ ಊರೂರಿಗೆ ಸ್ವೆಟರ್ ಮಾರಲು ಹೋದವರೆಲ್ಲ ಮರಳಿದ್ದರು. ಕ್ಯಾಂಪಿನ ಮನೆಗಳಿಗೆ ಸುಣ್ಣ ಬಳಿಯುತ್ತಿದ್ದರು. ನಾವು ಹೋದದ್ದು ನೋರ್ಜೊಮ್ ಎಂಬಾಕೆಯ ಮನೆಗೆ. ಐವತ್ತರ ಹೆಂಗಸು, ಕನ್ನಡವನ್ನು ಹೊಲದ ಕೂಲಿಯವರಿಂದಲೇ ಕಲಿತದ್ದರಿಂದ ಅವಳ ಬಾಯಲ್ಲಿ ಪಿರಿಯಾಪಟ್ಟಣದ ಬೈಗುಳಗಳು ಸೊಗಸಾಗಿ ಬರುತ್ತಿದ್ದವು. ಮುಸುಕಿನ ಜೋಳದ ಹೊಲ, ಕೊಟ್ಟಿಗೆ ತುಂಬ ಸೀಮೆಹಸು, ಸೊಸೈಟಿಯ ಟ್ರ್ಯಾಕ್ಟರು. ಮಗಳು ನರ್ಸು, ಮಗ ಮೇಷ್ಟ್ರು. ನಾನು ಕೇಳಿದ್ದಕ್ಕೆಲ್ಲ ಒಳ್ಳೆಯ ಉತ್ತರವೇ. ಹೀಗೆ ಮುಂದೆ ಬಂದ ಜನರನ್ನು ನಾನು ನೋಡಿರಲಿಲ್ಲ.

ಉಪ್ಪು ಬೆಣ್ಣೆ ಹಾಕಿದ ಚಹಾವನ್ನು ದೊಡ್ಡಮ್ಮ ಒಂದು ಗುಟುಕು ಕುಡಿದು, ಬಲು ಗಂಭೀರವಾಗಿ ನನ್ನ ಲೋಟಕ್ಕೆ ಸುರಿದಳು.

"ಇನ್ನು ಹತ್ತು ವರ್ಷಕ್ಕೆ ನಿಮ್ಮ ಕುಟುಂಬ ಎಲ್ಲಿರುತ್ತೆ?" ಇದು ನನ್ನ ಕೊನೆಯ ಪ್ರಶ್ನೆ.

"ನಮ್ಮ ದೇಶದಲ್ಲಿ," ಅಂದಳು ನೋರ್ಜೊಮ್, ತಡವರಿಸದೆ. "ವಾಪಸ್ ಹೋಗ್ತೀವಿ."

ದೊಡ್ಡಮ್ಮನಿಗೆ ತಡೆಯಲಾಗಲಿಲ್ಲ. "ಇಂಥಾ ತಾರ್ಸಿ ಮನೆ ಕಟ್ಕೊಂಡಿದ್ದೀರಿ?"

"ಹೋಗೋವರೆಗೂ ಇರಬೇಕಲ್ಲಮ್ಮ."

ಅವಳು ನಮ್ಮನ್ನು ಒಳಗಿನ ದೇವರ ಕೋಣೆಗೆ ಕರೆದೊಯ್ದಳು. ದೀಪಗಳ ಹಿಂದೆ, ಹಳದಿ ಬಟ್ಟೆ ಕಟ್ಟಿದ ಸಣ್ಣ ಮಣ್ಣಿನ ಕುಡಿಕೆಯಿತ್ತು. ತನ್ನ ತಾಯಿಯ ಬೂದಿ ಎಂದಳು. ಎಲ್ಲವನ್ನೂ ಹೊಳೆಗೆ ಬಿಡದೆ ಒಂದು ಹಿಡಿ ಇಟ್ಟುಕೊಂಡಿದ್ದಾಳೆ. ಹೋಗುವ ದಿನ ಬಂದಾಗ ಅಮ್ಮನನ್ನೂ ಕರೆದುಕೊಂಡು ಹೋಗಬೇಕಲ್ಲ. ದೊಡ್ಡಮ್ಮ ಸೆರಗು ಹೊದ್ದು ಕೈಮುಗಿದಳು.

ಬಸ್ಸಿನಲ್ಲಿ ಹುಣಸೂರು ಬರುವವರೆಗೆ ಅವಳು ಎಲೆಅಡಿಕೆ ಜಗಿದಳು. ಆಮೇಲೆ ಹೇಳಿದಳು. "ಎಲ್ಲಾ ಅದೆ ಕಣವ್ವ ಅವ್ರ ತಾವ. ಆದ್ರೂ ಗಂಟು ಕಟ್ಕೊಂಡೇ ಕುಂತವ್ರೆ. ನೀನು ಟ್ಯಾಕ್ಟರು, ಅಸ ಅಂತ ಏನೇನೋ ಕೇಳ್ದೆ. ಸರಗೂರ್ನಾಗೆ ನಾನೊಂದೇ ಕೇಳ್ತೀನಿ. ತಮ್ಮೋರ್ನ ಎಲ್ಲಿ ಮಡಗವ್ರೆ ಅಂತ."

ಸತ್ತವರನ್ನು ಎಲ್ಲಿ ಇಟ್ಟಿದ್ದಾರೆ ಎಂದು ಹೆಣ್ಣು ನೋಡಲು ಹೋದ ಮನೆಯಲ್ಲಿ ಕೇಳುವ ಹೆಂಗಸು ಇವಳೊಬ್ಬಳೇ ಇರಬೇಕು. ಆದರೆ ಅದರ ಹಿಂದಿನ ತರ್ಕ ನನಗೆ ಅರ್ಥವಾಗಿತ್ತು. ನಮ್ಮ ಕಡೆ ಒಕ್ಕಲುತನದ ಮನೆಗಳಲ್ಲಿ ಸತ್ತವರನ್ನು ತಮ್ಮ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಮಾರ್ನಮಿ ಪಕ್ಷದಲ್ಲಿ ಅಲ್ಲೇ ಎಡೆ ಇಡುತ್ತಾರೆ. ಎಷ್ಟೇ ಕಷ್ಟ ಬರಲಿ, ಹಿರಿಯರ ಗುದ್ದು, ಅಂದರೆ ಸಮಾಧಿ, ಇರುವ ಹೊಲವನ್ನು ಮಾರಲು ಜನಕ್ಕೆ ಮನಸ್ಸು ಬರುವುದಿಲ್ಲ.

ಷೀಜಾಳ ಮನೆ ಅಂದರೆ ಮನೆಯಲ್ಲ, ಶೆಡ್ಡು. ಸರಗೂರಿನಿಂದ ಎರಡು ಮೈಲಿ ಆಚೆ, ಗುತ್ತಿಗೆಗೆ ಹಿಡಿದ ಹೊಲದ ನಡುವೆ, ತಗಡು ಮತ್ತು ಕರಿ ಪ್ಲಾಸ್ಟಿಕ್ಕು. ಶುಂಠಿಯನ್ನು ಒಂದೇ ನೆಲದಲ್ಲಿ ಮತ್ತೆ ಮತ್ತೆ ಹಾಕಿದರೆ ಕೊಳೆರೋಗ ಬೀಳುತ್ತದೆ. ಹಾಗಾಗಿ ಬೆಳೆ ಕಿತ್ತ ಮೇಲೆ ಹೊಲ ಬದಲಾಗುತ್ತದೆ, ಹೊಲದ ಹಿಂದೆ ಶೆಡ್ಡೂ ನಡೆಯುತ್ತದೆ. ಷೀಜಾ ಹೀಗೆ ನಡೆಯುವ ಶೆಡ್ಡಿನಿಂದಲೇ ಸರಗೂರಿಗೆ ಹೋಗಿ ಪಿಯುಸಿ ಮುಗಿಸಿದ್ದಳು. ಅಚ್ಚ ಕನ್ನಡ. ಮುಖದಲ್ಲಿ ಅಂಜಿಕೆಯಿಲ್ಲದ ಹುಡುಗಿ, ನನಗೆ ನೋಡಿದ ಕೂಡಲೇ ಹಿಡಿಸಿದಳು.

ಅವಳಪ್ಪ ಕೇಶವನ್ ಅಂದು ಮಂಡಿಗೆ ಹೋಗಿದ್ದ. ಅಜ್ಜಿ ಕಾರ್ತ್ಯಾಯನಿ ಅಮ್ಮ ಬೆತ್ತದ ಕುರ್ಚಿಯಲ್ಲಿ ಕೂತಿದ್ದಳು, ಬಿಳಿ ಮುಂಡು, ಉದ್ದ ಕಿವಿ. ನಾನು ನನ್ನ ಪ್ರಶ್ನೆಗಳನ್ನು ಶುರುಮಾಡಿದೆ. ಸ್ವಂತ ಮನೆ ಇಲ್ಲ. ಹಸು ಇಲ್ಲ. ಹಿಂದಿನ ವರ್ಷ ಬೆಳೆ ಚೆನ್ನ, ಅದರ ಹಿಂದಿನ ವರ್ಷ ಪೂರ್ತಿ ಕೊಳೆತದ್ದು. ಊರವರು ಮದುವೆಗೆ ಕರೆಯುತ್ತಾರಾ? ಕರೆಯುತ್ತಾರೆ, ಊಟಕ್ಕೆ ಕೊನೇ ಪಂಕ್ತಿ. ನೋರ್ಜೊಮಳ ಎದುರು ಇಟ್ಟರೆ ಪ್ರತಿ ಉತ್ತರದಲ್ಲೂ ಇವರು ಕೆಳಗೆ.

"ಇನ್ನು ಹತ್ತು ವರ್ಷಕ್ಕೆ ಎಲ್ಲಿರುತ್ತೀರಿ?"

ಷೀಜಾ ಅಜ್ಜಿಗೆ ಅವರ ಭಾಷೆಯಲ್ಲಿ ಹೇಳಿದಳು. ಅಜ್ಜಿ ಇದೆಂಥ ಪ್ರಶ್ನೆ ಎನ್ನುವಂತೆ ನನ್ನನ್ನು ನೋಡಿ, "ಇಲ್ಲಿ," ಅಂದಳು.

ನನಗೆ ಕುತೂಹಲ ಕೆರಳಿತು. ಎಲ್ಲ ಇದ್ದವಳು ಹೋಗುತ್ತೇನೆ ಅನ್ನುತ್ತಾಳೆ, ಏನೂ ಇಲ್ಲದವಳು ಇರುತ್ತೇನೆ ಅನ್ನುತ್ತಾಳೆ. ಯಾಕೆ ಎಂದು ಕೇಳುವಷ್ಟರಲ್ಲಿ ದೊಡ್ಡಮ್ಮ ಬಾಯಿ ಹಾಕಿದಳು.

"ನಿಮ್ಮ ಯಜಮಾನ್ರು?"

"ಹೋದರು. ಮೂರು ವರ್ಷ."

"ಎಲ್ಲಿ ಮಡಗಿದ್ರಿ?"

ನಾನು ದೊಡ್ಡಮ್ಮನ ಕಾಲು ತುಳಿದೆ. ಅಜ್ಜಿ ಬೇಸರಪಡಲಿಲ್ಲ. ಎದ್ದು, ಮೊಮ್ಮಗಳ ತೋಳು ಹಿಡಿದು, ಬನ್ನಿ ಎಂದು ನಡೆದಳು. ಹೊಲ ದಾಟಿ, ಹಳ್ಳದ ಪಕ್ಕ, ಬೇಲಿ ಹಾಕಿದ ಒಂದು ತುಂಡು ಜಾಗ. ನಾಕು ಎತ್ತು ಕಟ್ಟುವಷ್ಟು ಇದ್ದೀತು. ಅದರ ಒಂದು ಬದಿಗೆ ಎಳೆಯ ತೆಂಗಿನ ಗಿಡ.

ಷೀಜಾ ವಿವರಿಸಿದಳು. ಅವರ ಪದ್ಧತಿಯಲ್ಲಿ ಸತ್ತವರನ್ನು ಸ್ವಂತ ಹಿತ್ತಿಲಲ್ಲಿ, ತೆಂಕಣ ದಿಕ್ಕಿಗೆ ಸುಡುತ್ತಾರೆ. ಆಮೇಲೆ ಅಲ್ಲಿ ತೆಂಗು ನೆಡುತ್ತಾರೆ. ಗುತ್ತಿಗೆ ಹೊಲದಲ್ಲಿ ಚಿತೆ ಹಚ್ಚಲು ಯಾವ ಮಾಲೀಕ ಬಿಟ್ಟಾನು? ತಾತ ಹಾಸಿಗೆ ಹಿಡಿದಾಗ ಅಪ್ಪ ಮನೆಗೆಂದು ಕೂಡಿಟ್ಟಿದ್ದರಲ್ಲಿ ಈ ತುಂಡು ಕೊಂಡ. ತಾತನನ್ನು ಆಟೋದಲ್ಲಿ ಕೂರಿಸಿಕೊಂಡು ಬಂದು ತೋರಿಸಿದರು. ತಾತ ನೋಡಿ, ಸಾಕು, ಚೆನ್ನಾಗಿದೆ ಅಂದನಂತೆ.

"ಮನೆ ಆಮೇಲೂ ಕಟ್ಟಬಹುದು," ಅಂದಳು ಷೀಜಾ.

ದೊಡ್ಡಮ್ಮ ಬಗ್ಗಿ ತೆಂಗಿನ ಗಿಡದ ಬುಡದ ಕಳೆ ಕಿತ್ತಳು. ಅವಳ ಮುಖ ನೋಡಿಯೇ ನನಗೆ ಗೊತ್ತಾಯಿತು, ಕೆಲಸ ಆಯಿತು, ವಸಂತ ಗೆದ್ದ.

ಆಗ ಕಾರ್ತ್ಯಾಯನಿ ಅಮ್ಮ ತನ್ನ ಮುರುಕು ಕನ್ನಡದಲ್ಲಿ ನಿಧಾನವಾಗಿ ಹೇಳಿದಳು. "ನೀವು ವಸಂತನ ಅಮ್ಮ. ಬಾಗಿಲಲ್ಲೇ ಗೊತ್ತಾಯಿತು. ಅದೇ ಮೂಗು."

ಷೀಜಾ ತಲೆ ತಗ್ಗಿಸಿದಳು. ದೊಡ್ಡಮ್ಮ ಸಿಕ್ಕಿಬಿದ್ದವಳ ಹಾಗೆ ನನ್ನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

"ನೀವು ಕೇಳಿದ್ದು ಸರಿ," ಅಂದಳು ಅಜ್ಜಿ. "ನಾನೂ ಕೇಳಬೇಕು. ನಿಮ್ಮವರನ್ನು ಎಲ್ಲಿ ಇಟ್ಟಿದ್ದೀರಿ?"

ದೊಡ್ಡಮ್ಮ ಇಲ್ಲದ ಕಳೆ ಕೀಳಲು ಮತ್ತೆ ಗಿಡದ ಬುಡಕ್ಕೆ ಬಗ್ಗಿದಳು. ಅವಳು ಮುಖ ತಪ್ಪಿಸಿದ್ದನ್ನು ನಾನು ಅದೇ ಮೊದಲು ಕಂಡದ್ದು.

ವಿಷಯ ನನಗೆ ಗೊತ್ತಿಲ್ಲದ್ದಲ್ಲ. ದೊಡ್ಡಮ್ಮ ಮದುವೆಯಾಗಿ ಹೋದ ಊರು ಕಬಿನಿ ದಂಡೆಯದು. ಅಣೆಕಟ್ಟು ಬಂದಾಗ ಊರಿಗೆ ಊರೇ ಮುಳುಗಿತು. ದೊಡ್ಡಪ್ಪ ಎತ್ತಿನ ಗಾಡಿಯಲ್ಲಿ ಪಾತ್ರೆಪಗಡ, ಬಾಗಿಲು ಕಿಟಕಿ ಹೇರಿಕೊಂಡು ಬಂದು, ಸರ್ಕಾರ ತೋರಿಸಿದ ಕಾಡುಬೀಳಿನಲ್ಲಿ ಗುಡಿಸಲು ಹಾಕಿದ. ಅದೇ ಈಗಿನ ಊರು. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೂ ಬಂದವರು ಅಂದ ಕೂಡಲೇ ನನಗೆ ಕಣ್ಣೆದುರು ಬರುತ್ತಿದ್ದವರು ಟಿಬೆಟನ್ನರು, ಮಲೆಯಾಳಿಗಳು. ದೊಡ್ಡಮ್ಮ ಬರುತ್ತಿರಲಿಲ್ಲ. ದೊಡ್ಡಮ್ಮನಿಗೂ ದೊಡ್ಡಮ್ಮ ಬರುತ್ತಿರಲಿಲ್ಲ.

"ನೀರ್ನಾಗೆ ಅವ್ರೆ," ಅಂದಳು ಕೊನೆಗೆ. "ನಮ್ಮತ್ತೆ, ಮಾವ. ನನ್ನ ಚೊಚ್ಚಲು ಕೂಸು. ಪಕ್ಷ ಬಂದಾಗ ದಡದಲ್ಲಿ ಎಡೆ ಇಟ್ಬುಟ್ಟು ಬತ್ತೀವಿ. ಬ್ಯಾಸ್ಗೇಲಿ ನೀರಿಳಿದಾಗ ಉಡುಕ್ತೀನಿ. ಜಾಗ ಗುರ್ತು ಸಿಕ್ಕಲ್ಲ."

ಚೊಚ್ಚಲು ಕೂಸಿನ ಸಂಗತಿ ನನಗೂ ಗೊತ್ತಿರಲಿಲ್ಲ.

ಷೀಜಾ ಮೆಲ್ಲಗೆ ಅಜ್ಜಿಗೆ ತಿಳಿಸಿದಳು. ಮುದುಕಿ ಏನೋ ಅಂದಳು. ಹುಡುಗಿಯ ಮುಖ ಕಪ್ಪಿಟ್ಟಿತು. ಅದನ್ನು ಕನ್ನಡಕ್ಕೆ ತರಲು ಅವಳಿಗೆ ಕಷ್ಟವಾಯಿತು.

"ಅಮ್ಮೂಮ್ಮ ಹೇಳ್ತಾರೆ, ನಿಮಗೂ ಇಲ್ಲಿ ಬೇರಿಲ್ಲ. ಶೆಡ್ಡಿನ ಜೊತೆ ನಾನು ಓಡಾಡಿದ್ದು ಸಾಕು, ಮತ್ತೆ ಎದ್ದು ಹೋಗಬೇಕಾದ ಮನೆಗೆ ನನ್ನನ್ನು ಕೊಡಲಿಕ್ಕೆ ಅವರಿಗೆ ಮನಸ್ಸಿಲ್ಲ ಅಂತ."

ಪರೀಕ್ಷೆ ಮಾಡಲು ಬಂದವಳೇ ಫೇಲಾಗಿದ್ದಳು. ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ದೊಡ್ಡಮ್ಮ ಸಿಟ್ಟಾಗುತ್ತಾಳೆ, ನಿಮ್ಮ ಹೆಣ್ಣು ನಿಮಗೇ ಇರಲಿ ಎಂದು ಸೆರಗು ಕೊಡವಿ ಹೊರಡುತ್ತಾಳೆ ಎಂದುಕೊಂಡೆ. ಅವಳು ಮುದುಕಿಯ ಹತ್ತಿರಕ್ಕೆ ಹೋದಳು.

"ಏಳಾಕಿಲ್ಲ ಕಣಮ್ಮ," ಅಂದಳು. "ಒಂದ್ ದಪ ಎದ್ದಿದ್ದೇ ಸಾಕು. ನಮ್ಮ ಒಲದ ಮೂಲೇಲಿ ಒಂದು ಒಂಗೆ ಮರ ಅದೆ. ಅದರ ಕೆಳಗೆ ನಾನು ಜಾಗ ನೋಡಿವ್ನಿ. ಯಾರಿಗೂ ಯೋಳಿಲ್ಲ, ಗಂಡಂಗೂ ಯೋಳಿಲ್ಲ. ಆ ಒಲದಲ್ಲಿ ಮಲಗೋರಲ್ಲಿ ನಾನೇ ಮೊದಲ್ನೇಳು. ನನ್ನ ಅಲ್ಲಿ ಮಡಗುದ್ ಮ್ಯಾಲೆ ನನ್ನ ಮಗ ಬುಟ್ಟು ಎಲ್ಗೋದಾನು? ಬೇಕಾದ್ರೆ ಬಂದು ನೋಡಿ."

ಷೀಜಾ ಕಣ್ಣೊರೆಸಿಕೊಳ್ಳುತ್ತಲೇ ಅದನ್ನು ತಿಳಿಸಿದಳು. ಕಾರ್ತ್ಯಾಯನಿ ಅಮ್ಮ ದೊಡ್ಡಮ್ಮನ ಮುಖವನ್ನೇ ನೋಡಿದಳು, ಆಮೇಲೆ ತಲೆಯಾಡಿಸಿದಳು. "ಬರ್ತೇನೆ. ನೋಡ್ತೇನೆ."

ಸುಮ್ಮನೆ ಆಡಿದ ಮಾತಲ್ಲ ಅದು. ಭಾನುವಾರ ಕೇಶವನ್, ಅವನ ಹೆಂಡತಿ, ಅಜ್ಜಿ, ಷೀಜಾ ಜೀಪಿನಲ್ಲಿ ದೊಡ್ಡಮ್ಮನ ಊರಿಗೆ ಬಂದಿಳಿದರು. ಚಿತ್ರಾನ್ನ ಕೇಸರಿಬಾತು ಮಾಡಿ ಕಾದಿದ್ದರೆ ಮುದುಕಿ ಮನೆಯೊಳಗೆ ಕಾಲಿಡಲಿಲ್ಲ. ಮೊದಲು ಹೊಲ ಎಂದಳು. ಎಲ್ಲರೂ ಹೊರಟೆವು. ವಸಂತ್ ಎಲ್ಲರಿಗಿಂತ ಹಿಂದೆ, ಪರೀಕ್ಷೆಯ ಫಲಿತಾಂಶಕ್ಕೆ ಕಾದವನಂತೆ ಬೆವರುತ್ತಾ ಬರುತ್ತಿದ್ದ.

ಹೊಂಗೆ ಮರದಡಿ ದೊಡ್ಡಮ್ಮ ನಿಂತು ಕಾಲಿನಿಂದ ನೆಲ ತೋರಿಸಿದಳು. ಅಜ್ಜಿ ಸೂರ್ಯನನ್ನು ನೋಡಿ ದಿಕ್ಕು ಅಂದಾಜು ಮಾಡಿದಳು. ನೆಲದ ಮಣ್ಣು ಹಿಡಿದು ಬೆರಳಲ್ಲಿ ಪುಡಿ ಮಾಡಿದಳು. ಮಳೆಗಾಲದಲ್ಲಿ ನೀರು ನಿಲ್ಲುತ್ತದಾ ಎಂದು ಕೇಳಿದಳು. ಇಲ್ಲ, ಎತ್ತರದ ಜಾಗ, ಅದಕ್ಕೇ ಇದನ್ನು ಆರಿಸಿದ್ದು ಅಂದಳು ದೊಡ್ಡಮ್ಮ. ನೀರಿಗೆ ಅವಳು ಎಷ್ಟು ಹೆದರಿದ್ದಾಳೆಂದು ನನಗೆ ಆಗ ತಿಳಿಯಿತು.

"ನಲ್ಲ ಸ್ಥಲಂ," ಅಂದಳು ಅಜ್ಜಿ. ಒಳ್ಳೆಯ ಜಾಗ. ಕೇಶವನ್ ಕಡೆ ತಿರುಗಿ, ಮುಹೂರ್ತ ನೋಡಿಸು ಎಂದಳು.

ವಸಂತ್ ನನ್ನ ತೋಳನ್ನು ನೋಯುವಷ್ಟು ಹಿಡಿದುಕೊಂಡ. ದೊಡ್ಡಮ್ಮ, ಅಜ್ಜಿ ಇಬ್ಬರೂ ಮನೆಯ ದಾರಿ ಹಿಡಿದರು, ಆಗಲೇ ಊಟ, ಸೀರೆ, ನೆಂಟರ ಮಾತಿಗೆ ಇಳಿದಿದ್ದರು. ದೊಡ್ಡಪ್ಪ ಮಾತ್ರ ಹೊಂಗೆ ಮರದ ಕೆಳಗೇ ಉಳಿದ. ತನ್ನ ಹೊಲದಲ್ಲೇ ದಾರಿ ತಪ್ಪಿದವನ ಹಾಗೆ ಆ ನೆಲವನ್ನು ನೋಡುತ್ತಿದ್ದ.

"ರಾಮೀ," ಅಂದ. ಅವನು ಅವಳನ್ನು ಹೆಸರಿಟ್ಟು ಕರೆದದ್ದನ್ನು ನಾನು ಕೇಳಿರಲಿಲ್ಲ. "ನಂಗೆಲ್ಲಿ ನೋಡಿದ್ದೀಯೇ ಜಾಗ?"

ದೊಡ್ಡಮ್ಮ ತಿರುಗಿ ನಿಂತಳು.

"ನನ್ನ ಪಕ್ಕದಲ್ಲೇ ಕಣ್ರೀ," ಅಂದಳು. "ಇಬ್ರಿಗೂ ಆಗೋಷ್ಟು ಅದೆ, ಅಳ್ದು ನೋಡಿವ್ನಿ. ಬನ್ನಿ, ಊಟ ಆರೋಯ್ತದೆ."