ತೋ, ತೇ, ನಾಹೀ

ಮಲ್ಲಿಕಾಗೆ ‘ಭಾವೂ’ ಎಂಬ ಹೆಸರು ಬಿದ್ದದ್ದು ವಿಧಾನಸಭೆಯಲ್ಲಿ. ಮರಾಠಿಯಲ್ಲಿ ಭಾವೂ ಎಂದರೆ ಅಣ್ಣ. ಎರಡು ಮಕ್ಕಳ ತಾಯಿ, ಹಣೆ ತುಂಬ ಕುಂಕುಮ ಇಡುವ ಹೆಂಗಸಿಗೆ ಅಣ್ಣ ಎಂದು ಹೆಸರಿಟ್ಟವರು ಎದುರು ಪಕ್ಷದವರು. ಅದನ್ನು ಊರೆಲ್ಲ ಹಬ್ಬಿಸಿದವರು ಮಾತ್ರ ಅವಳದೇ ಪಕ್ಷದವರು.

ನಡೆದದ್ದು ಇಷ್ಟೇ. ಅವಳಿಗದು ಮೊದಲ ಅಧಿವೇಶನ. ಠಾಣೆ ಹತ್ತಿರದ ಕಲ್ಯಾಣದ ಕೂಲಿ ನಾಕಾದಲ್ಲಿ ದಿನಾ ಬೆಳಿಗ್ಗೆ ಕೆಲಸ ಸಿಗಲೆಂದು ಕಾದು ನಿಲ್ಲುವ ಹೆಂಗಸರಿಗೆ ಒಂದು ಶೌಚಾಲಯ ಬೇಕೆಂದು ಕೇಳಲು ಎದ್ದಳು. ‘ಮೀ ವಿಚಾರತೋ’ ಎಂದಳು. ನಾನು ಕೇಳುತ್ತೇನೆ ಎಂದರ್ಥ. ಆದರೆ ಮರಾಠಿಯಲ್ಲಿ ಗಂಡಸಾದರೆ ‘ವಿಚಾರತೋ’, ಹೆಂಗಸಾದರೆ ‘ವಿಚಾರತೇ’. ಎದುರು ಸಾಲಿನವನೊಬ್ಬ ಎದ್ದು, ‘ಸಭಾಧ್ಯಕ್ಷರೇ, ಸನ್ಮಾನ್ಯ ಸದಸ್ಯರು ಗಂಡಸೋ ಹೆಂಗಸೋ ಅನ್ನುವುದು ಮೊದಲು ಗೊತ್ತಾಗಲಿ, ಯಾವ ಶೌಚಾಲಯ ಕೊಡಬೇಕೆಂದು ಆಮೇಲೆ ನೋಡೋಣ’ ಎಂದ. ಸಭೆ ಮೇಜು ಕುಟ್ಟಿ ಕುಟ್ಟಿ ನಕ್ಕಿತು. ಸಂಜೆಯೊಳಗೆ ಆ ವಿಡಿಯೋ ಠಾಣೆಯಿಂದ ಕಾಮೋಠೆಯವರೆಗೆ ಎಲ್ಲರ ಮೊಬೈಲಿನಲ್ಲೂ ಇತ್ತು.

ಪಾಪ, ಅವಳದೇನು ತಪ್ಪು? ಅಫಜಲಪುರದ ಕಡೆಯಿಂದ ಹದಿನೆಂಟರ ವಯಸ್ಸಿಗೆ ಮಾಪಣ್ಣನ ಹೆಂಡತಿಯಾಗಿ ಬಂದವಳು. ಮದುವೆಯ ಅರಿಶಿನ ಆರುವ ಮೊದಲೇ ಅತ್ತೆ ಚಂದ್ರಬಾಯಿಯ ಪಕ್ಕದಲ್ಲಿ ನಾಕಾದಲ್ಲಿ ನಿಂತಳು. ಕೂಲಿಗೆ ಕರೆದೊಯ್ಯುವ ಮುಕಾದಮರ ಬಾಯಿಂದ ಮರಾಠಿ ಕಲಿತಳು. ಗಂಡಸರ ಬಾಯಿಂದ ಬಂದ ಮಾತು ಗಂಡಸರ ಹಾಗೆಯೇ ಬಂತು. ಚಂದ್ರಬಾಯಿಯೂ ಹಾಗೇ ಮಾತಾಡುತ್ತಿದ್ದಳು, ನಾಕಾದ ಇನ್ನೂರು ಹೆಂಗಸರೂ ಹಾಗೇ ಮಾತಾಡುತ್ತಿದ್ದರು. ಅಲ್ಲಿ ಯಾರೂ ನಕ್ಕಿರಲಿಲ್ಲ.

ನಾಕಾದ ಎದುರಿಗೇ ಲೀಲಾಧರನ ಹೋಟೆಲು. ಕುಂದಾಪುರದ ಕಡೆಯವನು. ಮಲ್ಲಿಕಾ ಕೂಲಿಕಾರರ ಸಂಘ ಕಟ್ಟಿದ್ದು, ನಗರಪಾಲಿಕೆಗೆ ಆರಿಸಿಬಂದು ನಗರಸೇವಕಿಯಾದದ್ದು, ಜನಶ್ರಮ ಪಕ್ಷದಿಂದ ಶಾಸಕಿಯಾದದ್ದು ಎಲ್ಲ ಅವನ ಹೋಟೆಲಿನ ಹಿಂದಿನ ಮೇಜಿನಲ್ಲಿ ಕೂತೇ. ವಿಡಿಯೋ ನೋಡಿ ಅವನಿಗೆ ಅವಳಿಗಿಂತ ಹೆಚ್ಚು ಸಿಟ್ಟು ಬಂತು. ಮರುದಿನದಿಂದಲೇ ಪಾಠ ಶುರು ಮಾಡಿದ.

‘ಅಕ್ಕ, ಚಾ ಕುಡೀತೇನೆ ಅಂತ ಹೇಳಿ ನೋಡುವ.’

‘ಮೀ ಚಹಾ ಪಿತೋ.’

‘ಪಿತೇ ಮಾರಾಯ್ರೆ, ಪಿತೇ!’

‘ಲೀಲಾಧರಣ್ಣ, ನಾ ಅನ್ನೂದ್ರಾಗ ಗಂಡ ಹೆಣ್ಣ ಎಲ್ಲಿ ಅದ? ನಾ ಬರ್ತೀನಿ ಅಂತ ನಮ್ಮ ಅತ್ತಿನೂ ಅಂತಾಳ, ನಮ್ಮ ಮಾವನೂ ಅಂತಿದ್ದ.’

‘ಅದು ಕನ್ನಡದಲ್ಲಿ. ಇವರಲ್ಲಿ ಉಂಟು, ಎಂತ ಮಾಡುದು?’

‘ಹಂಗಾದ್ರ ಚಾ ಕುಡಿಯಂಗಿಲ್ಲ ಅನ್ನಬೇಕಂದ್ರ?’

‘ಮೀ ಚಹಾ ಪೀತ ನಾಹೀ.’

‘ಗಂಡಸಾದ್ರ?’

ಲೀಲಾಧರ ಬಾಯಿ ತೆರೆದವನು ಹಾಗೆಯೇ ನಿಂತ. ‘ಅದೇ... ಪೀತ ನಾಹೀ. ಅರೆ, ಹೌದಲ್ಲ!’ ಮೂವತ್ತು ವರ್ಷ ಇಲ್ಲಿ ಚಹಾ ಮಾರಿದವನಿಗೆ ಇದು ಹೊಳೆದಿರಲಿಲ್ಲ. ‘ನೀವು ಎಲ್ಲದಕ್ಕೂ ಇಲ್ಲ ಇಲ್ಲ ಅಂತ ಹೇಳ್ತಾ ಇದ್ರೆ ಒಂದೇ ಒಂದು ತಪ್ಪು ಆಗುದಿಲ್ಲ ಅಕ್ಕ!’ ಇಬ್ಬರೂ ಹೊಟ್ಟೆ ಹಿಡಿದು ನಕ್ಕರು.

ಅವಳು ಎರಡನೇ ಬಾರಿ ಗೆದ್ದ ವರ್ಷ ಪಕ್ಷ ಒಡೆಯಿತು. ಮೂವತ್ತೊಂದು ಶಾಸಕರಲ್ಲಿ ಇಪ್ಪತ್ತೆರಡು ಜನ ಅಧ್ಯಕ್ಷರ ಹಿಂದೆ ಸಾಲಾಗಿ ಕಾರು ಹತ್ತಿ ಆಳುವ ಪಕ್ಷದ ಕಡೆ ಹೋದರು. ಮಲ್ಲಿಕಾಗೂ ಫೋನು ಬಂತು. ಮಹಾಪೆಯ ಹತ್ತಿರ ಕಾರು ಕಾಯುತ್ತಿದೆ, ಮಂತ್ರಿ ಖಾತೆಯೊಂದು ಸಿಗುತ್ತದೆ, ಅರ್ಧ ಗಂಟೆಯಲ್ಲಿ ಬನ್ನಿ ಎಂದರು. ‘ಮೀ ಯೇಣಾರ ನಾಹೀ’ ಎಂದು ಇಟ್ಟಳು. ಬರುವುದಿಲ್ಲ, ಅಷ್ಟೇ. ಇಟ್ಟಮೇಲೆ ಲೀಲಾಧರನ ಮಾತು ನೆನಪಾಗಿ ಒಬ್ಬಳೇ ನಕ್ಕಳು.

ಉಳಿದ ಒಂಬತ್ತರಲ್ಲಿ ಎಂಟು ಜನ ಗಂಡಸರು. ಅವರಿಗೆ ಏಕಾಏಕಿ ರಕ್ತದೊತ್ತಡ, ಮಂಡಿನೋವು, ಮಗಳ ಮದುವೆ. ಇವಳು ಮಾತ್ರ ಆರು ತಿಂಗಳು ಲೋಕಲ್ ಟ್ರೇನಿನಲ್ಲಿ ಸುತ್ತಿದಳು. ಟಿಟ್ವಾಳಾ, ಡೊಂಬಿವಲಿ, ಪನವೇಲು ಅನ್ನದೆ ಮುಚ್ಚಿದ ಪಕ್ಷದ ಶಾಖೆಗಳ ಬೀಗ ತೆಗೆಸಿದಳು, ಮುನಿಸಿಕೊಂಡವರ ಮನೆಯಲ್ಲಿ ಕೂತು ಬೈಸಿಕೊಂಡಳು. ಕೊನೆಗೆ ಕಾರ್ಯಕರ್ತರೇ ‘ಅಧ್ಯಕ್ಷೆಯಾದರೆ ಭಾವೂನೇ ಆಗಲಿ’ ಎಂದು ಪಟ್ಟು ಹಿಡಿದಾಗ, ಪ್ರಧಾನ ಕಾರ್ಯದರ್ಶಿ ಮುರಾರಿಗೆ ಒಪ್ಪದೆ ವಿಧಿಯಿರಲಿಲ್ಲ.

ಮುರಾರಿ ಸೊಲ್ಲಾಪುರದವನು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಅಚ್ಚ ಮರಾಠಿ. ಅವನು ಕನ್ನಡದವನೆಂದು ಪಕ್ಷದಲ್ಲಿ ಮಲ್ಲಿಕಾ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅಧ್ಯಕ್ಷರನ್ನು ಆರಿಸುವ ಸಭೆಗೆ ವಾರವಿರುವಾಗ ಮನೆಗೆ ಬಂದು ಬಾಗಿಲು ಮುಂದೆ ಮಾಡಿ, ನಾಲ್ಕು ಹಾಳೆಯ ಭಾಷಣ ಕೈಗಿಟ್ಟ. ‘ತೇ’ ಬರುವಲ್ಲೆಲ್ಲ ಕೆಂಪು ಗೆರೆ ಎಳೆದಿದ್ದ. ‘ತಾಯೀ, ಇದನ್ನಷ್ಟ ಓದ್ರಿ. ಹೊರಗಿಂದು ಒಂದ ಮಾತೂ ಬ್ಯಾಡ. ಮತ್ತ ವಿಡಿಯೋ ಆಗಬಾರದು’ ಎಂದ. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ಮುರಾರಿಯ ಬಾಯಲ್ಲಿ ಆ ಮಾತು ಎರಡೂ ಭಾಷೆಗೆ ಸಲ್ಲುತ್ತಿತ್ತು.

ಮಲ್ಲಿಕಾ ವಾರವಿಡೀ ಕೆಂಪು ಗೆರೆಗಳನ್ನೇ ನೋಡುತ್ತ ಬಾಯಿಪಾಠ ಮಾಡಿದಳು. ಸಭೆಯ ದಿನ ಬೆಳಿಗ್ಗೆ ಕೊನೆಯ ಸಾಲನ್ನು ಗಟ್ಟಿಯಾಗಿ ಹೇಳಿಕೊಂಡಳು: ‘ಯೋಗ್ಯ ನೇತೃತ್ವ ಮಿಳೇಪರ್ಯಂತ ಹೇ ಪದ ಮೀ ಸಾಂಭಾಳತೇ.’ ತೇ ಸರಿಯಾಗಿ ಬಂತೆಂದು ಹಿಗ್ಗಿದಳು.

ರೊಟ್ಟಿ ಬಡಿಯುತ್ತಿದ್ದ ಚಂದ್ರಬಾಯಿ ಕೈ ನಿಲ್ಲಿಸಿದಳು. ‘ಮಿಳೇಪರ್ಯಂತ ಅಂದ್ರ ಸಿಗೂ ತನಕ ಅಲ್ಲೇನ? ಯಾರ ಸಿಗೂ ತನಕ?’

‘ಯೋಗ್ಯರು ಸಿಗೂ ತನಕ ನಾ ಸಂಭಾಳಸ್ತೀನಿ ಅಂತ, ಅತ್ತಿ.’

‘ಮುಕಾದಮ ಹಿಂಗೇ ಅಂತಿದ್ದ ನೋಡು. ಬ್ಯಾರೆ ಆಳು ಸಿಗೂ ತನಕ ನೀ ಬುಟ್ಟಿ ಹೊರು ಅಂತಿದ್ದ. ಸಿಕ್ಕ ಮ್ಯಾಲ ಅರ್ಧಾ ದಿನಕ್ಕ ನಡಿ ಅಂತಿದ್ದ.’

ಮಲ್ಲಿಕಾಗೆ ಮುರಾರಿಯ ಮೇಲಿನ ಸಿಟ್ಟಿಗಿಂತ ತನ್ನ ಮೇಲಿನ ನಾಚಿಕೆಯೇ ದೊಡ್ಡದಾಗಿತ್ತು. ಗೆರೆ ನೋಡಿದಳೇ ಹೊರತು ಮಾತು ನೋಡಿರಲಿಲ್ಲ. ತನ್ನ ಬಾಯಿಂದಲೇ ತನಗೆ ಯೋಗ್ಯತೆಯಿಲ್ಲವೆಂದು ಹೇಳಿಸುವ ಸಾಲನ್ನು ಏಳು ದಿನ ಉರುಹೊಡೆದಿದ್ದಳು.

ಠಾಣೆಯ ಸಭಾಗೃಹದಲ್ಲಿ, ವೇದಿಕೆಯ ಹಿಂದಿನ ಕೋಣೆಯಲ್ಲಿ ಕೇಳಿಯೇ ಬಿಟ್ಟಳು. ‘ಯೋಗ್ಯ ನೇತೃತ್ವ ಅಂದ್ರ ಯಾರ್ರಿ, ಮುರಾರಿ ಸಾಹೇಬ್ರ?’

ಮುರಾರಿ ಮೊದಲು ಬಾಗಿಲು ಹಾಕಿದ. ಆಮೇಲೆ ಕನ್ನಡಕ್ಕೆ ಇಳಿದ. ‘ಸಿಟ್ಟಾಗಬ್ಯಾಡ್ರಿ ತಾಯೀ. ಪಕ್ಷ ಕಟ್ಟಿದವರ ಮಗಾ ಯತಿನ್ ಅದಾರಲ್ಲ, ಚುನಾವಣೆ ಆದಮ್ಯಾಲ ಅವರು ಬರ್ತಾರ. ಅಲ್ಲೀತನಕ ನೀವು. ಈ ಸಾಲು ಓದಿದ್ರ ಕುರ್ಚಿ ನಿಮ್ಮದು. ಬಿಟ್ರ ಪ್ರತಿನಿಧಿಗಳಿಗೆ ಕೈ ಎತ್ತಬ್ಯಾಡ್ರಿ ಅಂತೀನಿ. ನಿಮ್ಮ ಮರಾಠಿ ಕೇಳಿ ಜನ ನಗೂದು ನಿಮಗೂ ಗೊತ್ತೈತಿ.’

ಈ ಯತಿನ್ ಪಕ್ಷ ಒಡೆದಾಗ ಯಾವ ಕಡೆಗೂ ಹೋಗದೆ, ಯಾವ ಕಡೆ ಗೆಲ್ಲುತ್ತದೆಂದು ಕಾದು ಕೂತಿದ್ದ ಜಾಣ. ಮಲ್ಲಿಕಾ ಹಾಳೆಗಳನ್ನು ಹಿಡಿದು ವೇದಿಕೆ ಹತ್ತಿದಳು.

ಸಭಾಗೃಹ ಕಿಕ್ಕಿರಿದಿತ್ತು. ಮುಂದೆ ಕುರ್ಚಿಗಳಲ್ಲಿ ಕೈ ಎತ್ತುವ ಹಕ್ಕಿದ್ದ ಪ್ರತಿನಿಧಿಗಳು. ಹಿಂದೆ ಮಹಾಪೆಯ ಕಾರ್ಖಾನೆಯವರು, ನಾಕಾದ ಹೆಂಗಸರು, ಚಂದ್ರಬಾಯಿ, ಲೀಲಾಧರ. ಮಲ್ಲಿಕಾ ಓದಿದಳು. ಒಂದು ‘ತೇ’ ತಪ್ಪಲಿಲ್ಲ. ಮುರಾರಿ ತಲೆದೂಗುತ್ತಿದ್ದ. ಕೊನೆಯ ಸಾಲು ಬಂದಾಗ ನಿಲ್ಲಿಸಿದಳು. ಹಾಳೆ ಮಡಚಿದಳು.

‘ಆತಾ ಮೀ ಮಾಝ್ಯಾ ಮರಾಠೀತ ಬೋಲತೋ’ ಎಂದಳು. ಈಗ ನನ್ನ ಮರಾಠಿಯಲ್ಲಿ ಮಾತಾಡುತ್ತೇನೆ.

ಬೋಲತೋ! ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅವಳ ಕಿವಿ ಬಿಸಿಯಾಯಿತು, ಆವತ್ತು ವಿಧಾನಸಭೆಯಲ್ಲಿ ಆದ ಹಾಗೆಯೇ. ಆಗ ಹಿಂದಿನಿಂದ ನಾಕಾದ ಹೆಂಗಸರು ಕೂಗಿದರು, ‘ಬೋಲಾ ಭಾವೂ!’

ಮಾತಾಡಿದಳು. ತೋ ಬಂದಲ್ಲಿ ತೋ, ತೇ ಬಂದಲ್ಲಿ ತೇ. ‘ಯೋಗ್ಯರು ಸಿಗುವ ತನಕ ಇರುತ್ತೇನೆ ಎಂದು ಈ ಕಾಗದದಲ್ಲಿ ನನ್ನಿಂದ ಹೇಳಿಸಲು ಬರೆದಿದ್ದಾರೆ. ಇಪ್ಪತ್ತೆರಡು ಜನ ಯೋಗ್ಯರು ಕಾರು ಹತ್ತಿ ಹೋದದ್ದನ್ನು ನೀವೂ ನೋಡಿದ್ದೀರಿ. ನಾನು ಲೋಕಲ್ ಹತ್ತಿ ನಿಮ್ಮ ಮನೆಗೆ ಬಂದೆ. ನಾಕಾದಲ್ಲಿ ನಿಂತವಳು ನಾನು, ಚುನಾವಣೆಗೂ ನಿಂತೆ, ನಿಲ್ಲುವುದು ನನಗೆ ಹೊಸದಲ್ಲ. ಆದರೆ ಇನ್ನೊಬ್ಬರು ಸಿಗುವ ತನಕ ಬುಟ್ಟಿ ಹೊರುವ ಕೆಲಸ ಬಿಟ್ಟು ಬಹಳ ವರ್ಷವಾಯಿತು. ಬೇಕಾದರೆ ಪೂರ್ತಿ ಅಧ್ಯಕ್ಷೆಯಾಗಿ ಆರಿಸಿ ಕೈ ಎತ್ತಿ. ಬೇಡವಾದರೆ ಈಗಲೇ ಇಳಿಸಿ. ನಾನಾಗಿ, ಮೀ ಹಟಣಾರ ನಾಹೀ.’

ಜಗ್ಗುವುದಿಲ್ಲ ಎಂದಾಯಿತು. ಟಿಟ್ವಾಳಾದ ಮುದುಕರೊಬ್ಬರು ಮೊದಲು ಕೈ ಎತ್ತಿದರು. ಆರು ತಿಂಗಳ ಹಿಂದೆ ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಬೈದವರು. ಆಮೇಲೆ ಡೊಂಬಿವಲಿಯ ಸಾಲು, ಆಮೇಲೆ ಎಣಿಸುವ ಅಗತ್ಯವೇ ಇಲ್ಲದಷ್ಟು ಕೈಗಳು. ಹಕ್ಕಿಲ್ಲದಿದ್ದರೂ ಚಂದ್ರಬಾಯಿ ಎರಡೂ ಕೈ ಎತ್ತಿದ್ದಳು. ಕಿಸಕ್ಕೆಂದವನೂ ಅತ್ತಿತ್ತ ನೋಡಿ ಎತ್ತಿದ.

ಫಲಿತಾಂಶ ಘೋಷಿಸಲು ಮುರಾರಿ ಮೈಕು ಹಿಡಿದು ಬೆವರುತ್ತಿದ್ದ. ಮಲ್ಲಿಕಾ ಮಡಚಿದ ಭಾಷಣವನ್ನು ಅವನ ಮುಂದೆ ಹಿಡಿದಳು. ‘ಸಾಹೇಬ್ರ, ಕಡೀಕ ನಾ ಹೇಳಿದ ಮಾತಿನ್ಯಾಗ ತಪ್ಪ ಎಲ್ಲಿ ಅದ ಹೇಳ್ರಿ. ಕೆಂಪು ಗೆರಿ ಎಳೀರಿ.’

ಮುರಾರಿಯ ತುಟಿ ಅಲ್ಲಾಡಿತು. ಹಟಣಾರ ನಾಹೀ, ಹಟಣಾರ ನಾಹೀ. ತೋ ಹುಡುಕಿದ, ತೇ ಹುಡುಕಿದ. ಅದರಲ್ಲಿ ಗಂಡೂ ಇರಲಿಲ್ಲ, ಹೆಣ್ಣೂ ಇರಲಿಲ್ಲ.

‘ತಪ್ಪೇನ ಇಲ್ರಿ ಯವ್ವಾ’ ಎಂದುಬಿಟ್ಟ.

ಕೈಯಲ್ಲಿದ್ದ ಮೈಕು ಆ ಮಾತನ್ನು ಇಡೀ ಸಭಾಗೃಹಕ್ಕೆ ಕೇಳಿಸಿತು. ಮುರಾರಿ ಕನ್ನಡದವನೆಂದು ಪಕ್ಷಕ್ಕೆ ಗೊತ್ತಾದದ್ದು ಆವತ್ತೇ.